ಹಾನ್ಸೆಮಾನ್ ಅವರ ವಿಮಾ ಕಂಪನಿಯ ಲಾಭದ ಪಾಲು ದಾನವೇ?

ಜರ್ಮನಿಯ ಆಖೆನ್ ನಗರದ ಉಣ್ಣೆ ವ್ಯಾಪಾರಿ ಡೇವಿಡ್ ಹಾನ್ಸೆಮಾನ್ ತಮ್ಮ ಬೆಂಕಿ ವಿಮಾ ಕಂಪನಿಯ ಅರ್ಧ ಲಾಭವನ್ನು ಜನಹಿತಕ್ಕೆ ಮೀಸಲಿಟ್ಟದ್ದು ದಾನವೋ ವ್ಯಾಪಾರದ ಲೆಕ್ಕಾಚಾರವೋ ಎಂದು ಕೇಳಿದ್ದೀರಿ. ಎರಡನ್ನೂ ಬೇರ್ಪಡಿಸಿ ನೋಡಿದರೆ ಈ ಮನುಷ್ಯ ನಮಗೆ ಅರ್ಥವಾಗುವುದಿಲ್ಲವೆಂದು ನನ್ನ ಅಭಿಪ್ರಾಯ.

1790ರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಅವರು 1817ರಲ್ಲಿ ಆಖೆನ್‌ನಲ್ಲಿ ನೆಲೆನಿಂತು, 1820ರ ದಶಕದ ಮಧ್ಯದಲ್ಲಿ ವಿಮಾ ಕಂಪನಿ ಕಟ್ಟಿದರು. ಆ ಲಾಭದ ಪಾಲನ್ನು ಬಳಸಲೆಂದೇ 1834ರಲ್ಲಿ ದುಡಿಮೆಯನ್ನು ಪ್ರೋತ್ಸಾಹಿಸುವ ಸಂಘವೊಂದು ಹುಟ್ಟಿತು. ಕಾರ್ಖಾನೆಯ ಕೂಲಿಕಾರರು ತಮ್ಮ ಸಣ್ಣ ಗಳಿಕೆಯಲ್ಲಿ ಉಳಿಸಿದ್ದನ್ನು ಅದರ ಉಳಿತಾಯ ನಿಧಿಯಲ್ಲಿಟ್ಟರೆ ಪ್ರೋತ್ಸಾಹಕರ ಬಡ್ಡಿ ಸಿಗುತ್ತಿತ್ತು. ತಾಯಂದಿರು ದುಡಿಯಲು ಹೋದಾಗ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಶಾಲೆಗಳನ್ನೂ ಸಂಘ ನಡೆಸಿತು. ಒಮ್ಮೆ ಕೈಯೆತ್ತಿ ಕೊಟ್ಟು ಮರೆಯುವ ದಾನ ಇದಲ್ಲ, ವ್ಯಾಪಾರ ಬೆಳೆದಷ್ಟೂ ಬೆಳೆಯುವ ವ್ಯವಸ್ಥೆ. ಅವರ ಜಾಣತನವನ್ನು ನಾನು ಮೆಚ್ಚುವುದು ಇಲ್ಲಿಯೇ. ಆದರೆ ಬಡವರು ಮಿತವ್ಯಯ ಕಲಿತರೆ ಬಡತನ ನೀಗುತ್ತದೆಂಬ ಆ ಕಾಲದ ಉದಾರವಾದಿಗಳ ನಂಬಿಕೆಯೂ ಇದರಲ್ಲಿತ್ತು, ಮತ್ತು ಕೂಲಿ ದರವೇ ಕಡಿಮೆಯಿದ್ದವನಿಗೆ ಆ ನಂಬಿಕೆ ಎಷ್ಟು ನೆರವಾಗುತ್ತಿತ್ತೆಂಬುದನ್ನು ಕೇಳಲೇಬೇಕು.

ರೈನ್ ಪ್ರಾಂತ್ಯದ ರೈಲುಮಾರ್ಗಕ್ಕಾಗಿಯೂ ಅವರು ಇದೇ ಛಲದಿಂದ ದುಡಿದರು. 1848ರ ಕ್ರಾಂತಿಯ ವರ್ಷ ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯದ ಹಣಕಾಸು ಸಚಿವರಾದರೂ ಕೆಲವೇ ತಿಂಗಳಲ್ಲಿ ಆ ಸರ್ಕಾರ ಬಿದ್ದುಹೋಯಿತು. ಬಳಿಕ 1851ರಲ್ಲಿ ಬರ್ಲಿನ್‌ನಲ್ಲಿ ಡಿಸ್ಕೊಂಟೊ ಗೆಸೆಲ್‌ಶಾಫ್ಟ್ ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಅದನ್ನು ಜರ್ಮನಿಯ ದೊಡ್ಡ ಬ್ಯಾಂಕುಗಳ ಸಾಲಿಗೆ ಸೇರಿಸಿದವರಲ್ಲಿ ಅವರ ಮಗ ಅಡಾಲ್ಫ್ ಪ್ರಮುಖರು.