ಓದುಗರ ಪ್ರಶ್ನೆ: ಊರುಗೋಲು ಹಿಡಿಯ ಬಳಿಯೇ ಏಕೆ ಮುರಿಯುತ್ತದೆ?

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತೆಂಟು ವರ್ಷ, ಬಲಗಾಲಿನ ಮಂಡಿ ಸೋತಿದೆ. ಕೊಂಡು ತಂದ ಮರದ ಊರುಗೋಲು ಎಂಟೇ ತಿಂಗಳಿಗೆ ಹಿಡಿಯ ಕೆಳಗೆ ಪಟಕ್ಕನೆ ಮುರಿಯಿತು. ಕೈಗೆ ಗೋಡೆ ಸಿಕ್ಕಿದ್ದರಿಂದ ಅವರು ಬೀಳಲಿಲ್ಲ. ಈ ಸಲ ನಾವೇ ಮಾಡಿಸಬೇಕೆಂದಿದ್ದೇವೆ. ಯಾವ ಮರ ಗಟ್ಟಿ? ದಪ್ಪ ಎಷ್ಟಿರಬೇಕು?

ಉತ್ತರ: ಮರದ ಹೆಸರು ಕೇಳುವ ಮೊದಲು ಮುರಿದ ಕೋಲನ್ನೊಮ್ಮೆ ಕೈಗೆತ್ತಿಕೊಂಡು ನೋಡಿ. ಇಂಥ ಕೋಲುಗಳಲ್ಲಿ ಸಾಮಾನ್ಯವಾಗಿ ಮೇಲ್ತುದಿಯನ್ನು ಸುತ್ತಲೂ ಕೆತ್ತಿ ಸಣ್ಣ ಗೂಟದಂತೆ ಮಾಡಿ, ಅದನ್ನು ಹಿಡಿಯ ತೂತಿಗೆ ಇಳಿಸಿ ಅಂಟು ಹಾಕಿರುತ್ತಾರೆ. ಆ ಗೂಟ ಶುರುವಾಗುವ ಅಂಚಿನಲ್ಲಿಯೇ ಮುರಿದಿದ್ದರೆ ತಪ್ಪು ಮರದ್ದಲ್ಲ, ಜೋಡಣೆಯದು. ಕೈಯ ಭಾರ ಕೋಲಿನ ನೇರಕ್ಕೆ ಬೀಳದೆ ತುಸು ಪಕ್ಕಕ್ಕೆ ಬಿದ್ದಾಗಲೆಲ್ಲ ಹಿಡಿಯ ಬುಡವೇ ಬಾಗಲು ನೋಡುತ್ತದೆ. ದುಂಡು ಕೋಲು ಬಾಗಿ ಮುರಿಯದಂತೆ ತಡೆಯುವ ಬಲವಾದರೋ ಅದರ ವ್ಯಾಸದ ಘನವನ್ನು ಅನುಸರಿಸಿ ಏರಿಳಿಯುತ್ತದೆ. ಹಾಗಾಗಿ 22 ಮಿಲಿಮೀಟರ್ ದಪ್ಪದ ಕೋಲನ್ನು 11 ಮಿಲಿಮೀಟರ್ ಗೂಟವಾಗಿ ಕೆತ್ತಿದರೆ ಅಲ್ಲಿ ಉಳಿಯುವುದು ಅರ್ಧ ಬಲವಲ್ಲ, ಎಂಟರಲ್ಲೊಂದು ಪಾಲು.

ಬಡಗಿಗೆ ಹೇಳಬೇಕಾದ ಮೊದಲ ಮಾತು ಇದೇ: ಕೋಲನ್ನು ಕೆತ್ತಿ ಸಣ್ಣದಾಗಿಸುವುದು ಬೇಡ. ಅದರ ಪೂರ್ತಿ ದಪ್ಪವನ್ನು ಹಾಗೆಯೇ ಉಳಿಸಿಕೊಂಡು, ಮೇಲ್ತುದಿಯ ನಡುಮಧ್ಯದಲ್ಲಿ 8 ಮಿಲಿಮೀಟರ್ ತೂತು ಕೊರೆದು, ಹಿಡಿಯಲ್ಲೂ ಅಷ್ಟೇ ತೂತು ಮಾಡಿ, ಎರಡನ್ನೂ ಮೈಮೇಲೆ ತಿರುಪಿನ ಸುತ್ತುಗಳಿರುವ ಒಂದು ಉಕ್ಕಿನ ಸಲಾಕೆಯಿಂದ ಎಪಾಕ್ಸಿ ಅಂಟು ಹಾಕಿ ಕೂಡಿಸಲಿ. ಸಲಾಕೆ ಕೋಲಿನೊಳಗೆ ಐದಾರು ಸೆಂಟಿಮೀಟರ್ ಆದರೂ ಇಳಿದಿರಬೇಕು. ಹಿಡಿಯೊಳಗೆ ಎಷ್ಟು ಜಾಗವಿದೆಯೋ ಅಷ್ಟು. ತೂತು ಕೊರೆದರೆ ಕೋಲು ಬಡವಾಗದೇ ಎಂದು ನೀವು ಕೇಳಬಹುದು. ಬಾಗುವ ಕೋಲಿನಲ್ಲಿ ದುಡಿಯುವುದು ಹೊರಗಿನ ಎಳೆಗಳು, ನಡುವಿನ ಮರ ಹೆಚ್ಚುಕಡಿಮೆ ಸುಮ್ಮನೆ ಕುಳಿತಿರುತ್ತದೆ. ಆದ್ದರಿಂದ 22 ಮಿಲಿಮೀಟರ್ ಕೋಲಿನ ನಡುವೆ 8 ಮಿಲಿಮೀಟರ್ ತೆಗೆದರೂ ಕುಂದುವ ಬಲ ಲೆಕ್ಕದಲ್ಲಿ ಶೇಕಡ 2ನ್ನೂ ಮುಟ್ಟುವುದಿಲ್ಲ. ಪೊಳ್ಳು ಬಿದಿರು ಗಟ್ಟಿಯಾಗಿರುವುದರ ಗುಟ್ಟೂ ಇದೇ. ಆದರೆ ತೂತು ನಟ್ಟನಡುವೆಯೇ ಇರಬೇಕು, ಒಂದು ಪಕ್ಕಕ್ಕೆ ವಾಲಿದರೆ ಆ ಕಡೆಯ ಗೋಡೆ ಸೀಳುತ್ತದೆ. ಸಲಾಕೆಯ ಉದ್ದಕ್ಕೂ ಅರದಿಂದ ಒಂದು ಸಣ್ಣ ಗೀರು ತೆಗೆದರೆ ಒಳಗೆ ಸಿಕ್ಕಿಕೊಂಡ ಗಾಳಿಗೂ ಹೆಚ್ಚಾದ ಅಂಟಿಗೂ ಹೊರಬರಲು ದಾರಿಯಾಗುತ್ತದೆ.

ಇನ್ನು ಮರ. ಕೊಡಲಿ ಕಾವು ಕುಲಕ್ಕೆ ಸಾವು ಎಂದು ಗಾದೆ ಬೈದರೂ, ಕೊಡಲಿಗೋ ಗುದ್ದಲಿಗೋ ಕಾವಾಗಿ ಬಾಳಿದ ಮರ ಊರುಗೋಲಿಗೂ ಒದಗುತ್ತದೆ ಎಂಬುದು ನಂಬಬಹುದಾದ ಅಳತೆಗೋಲು. ಬೀಟೆ ಗಟ್ಟಿ, ಆದರೆ ಭಾರ. ತೇಗ ಹಗುರ, ಹವೆಗೆ ಸೊಟ್ಟಗಾಗುವುದು ಕಡಿಮೆ, ಆದರೆ ಪೆಟ್ಟನ್ನು ತಾಳುವುದರಲ್ಲಿ ಕಾವಿನ ಮರಗಳಿಗೆ ಸಮವಲ್ಲ. ಬೆತ್ತ ಒಳಗೆ ಪೊಳ್ಳಿಲ್ಲದಿದ್ದರೂ ಬಳುಕುವ ಗುಣದ್ದು, ತೆಳುವಾದ ಬೆತ್ತದ ಮೇಲೆ ಮೈಭಾರ ಬಿಡಬಾರದು. ಬಿದಿರಾದರೆ ಬಲಿತ ಗಳುವಿನ ಬುಡದ ಭಾಗವನ್ನು ಆರಿಸಿ, ಅಲ್ಲಿ ಗಿಣ್ಣುಗಳು ಹತ್ತಿರ, ಗೋಡೆ ದಪ್ಪ.

ಮರದ ಜಾತಿಗಿಂತ ಎಳೆಯ ಓಟಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕೋಲನ್ನು ಬೆಳಕಿಗೆ ಹಿಡಿದು ಒಂದು ಎಳೆಯನ್ನು ಉಗುರಿನಿಂದ ಹಿಂಬಾಲಿಸಿ ನೋಡಿ: ಅದು ತುದಿಯಿಂದ ತುದಿಗೆ ಕೋಲಿನ ಜೊತೆಯಲ್ಲೇ ಸಾಗಿದರೆ ಸರಿ, ಗೇಣುದ್ದದೊಳಗೆ ಓರೆಯಾಗಿ ಪಕ್ಕಕ್ಕೆ ಹೊರಬಿದ್ದರೆ ಆ ಕೋಲು ಎಷ್ಟೇ ಚಂದವಿದ್ದರೂ ಬೇಡ, ಏಕೆಂದರೆ ಅದು ಒಂದು ದಿನ ಆ ಓರೆಯಲ್ಲೇ ಸೀಳಿಕೊಳ್ಳುತ್ತದೆ. ಹಲಗೆಯಿಂದ ಕೊಯ್ದ ಕೋಲಿಗಿಂತ ನೇರವಾಗಿ ಬೆಳೆದ ಕೊಂಬೆ ಮೇಲಾಗುವುದು ಇದೇ ಕಾರಣಕ್ಕೆ, ಅಲ್ಲಿ ಗರಗಸ ಎಳೆಗಳನ್ನು ಕಡಿದಿರುವುದಿಲ್ಲ. ಹಸಿ ಕೊಂಬೆಯಾದರೆ ಎರಡು ತುದಿಗಳಿಗೂ ಮೇಣವನ್ನೋ ಬಣ್ಣವನ್ನೋ ಬಳಿದು, ತೊಗಟೆ ತೆಗೆಯದೆ, ನೆರಳಿನಲ್ಲಿ ಒಂದು ವರ್ಷದಷ್ಟಾದರೂ ಒಣಗಲು ಬಿಡಿ. ಆತುರಪಟ್ಟು ಬಿಸಿಲಿಗಿಟ್ಟರೆ ತುದಿ ಬಿರಿಯುತ್ತದೆ.

ಹೆಚ್ಚಿನವರಿಗೆ 22ರಿಂದ 25 ಮಿಲಿಮೀಟರ್ ದಪ್ಪ ಸಾಕು. ಹೊಳೆಯುವ ವಾರ್ನಿಷ್ ನನಗೆ ಹಿಡಿಸದು, ಬೆವರಿದ ಕೈಗೆ ಅದು ಜಾರುತ್ತದೆ. ಎರಡು ಮೂರು ಬಾರಿ ಅಗಸೆ ಎಣ್ಣೆ ಉಜ್ಜಿದರೆ ಮರ ಕೈಗೆ ಹತ್ತುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದುರಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಕಾವಿಗೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಪ್ರಶ್ನೆ: ಕೋಲಿನ ಎತ್ತರವನ್ನು ಅಳೆಯುವುದು ಹೇಗೆ? ನೋವಿರುವ ಕಾಲಿನ ಕಡೆಯೇ ಹಿಡಿಯಬೇಕಲ್ಲವೇ?

ಉತ್ತರ: ಅಲ್ಲ, ಎದುರು ಕಡೆ. ಬಲಗಾಲು ಸೋತಿದ್ದರೆ ಕೋಲು ಎಡಗೈಯಲ್ಲಿರಬೇಕು, ಮತ್ತು ಕೋಲೂ ಬಲಗಾಲೂ ಒಟ್ಟಿಗೆ ಮುಂದೆ ಹೋಗಬೇಕು. ನಡೆಯುವಾಗ ಕಾಲಿಗೆ ಎದುರಿನ ಕೈ ಮುಂದೆ ಬೀಸುವುದು ದೇಹದ ಸಹಜ ರೂಢಿ. ಅದಲ್ಲದೆ, ಸೋತ ಕಾಲಿನ ಮೇಲೆ ನಿಂತಾಗ ಸೊಂಟ ಎದುರು ಕಡೆಗೆ ಕುಸಿಯದಂತೆ ಹಿಡಿದಿಡುವ ಸ್ನಾಯುಗಳಿಗೆ ಆ ಕಡೆಯಿಂದಲೇ ಆಸರೆ ಸಿಕ್ಕಿದರೆ ಸೊಂಟದ ಕೀಲಿನ ಮೇಲಿನ ಒತ್ತಡ ಬಹಳ ಇಳಿಯುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ಸೋತ ಕಾಲು ಮೊದಲು.

ಎತ್ತರ ಅಳೆಯಲು ಇನ್ನೊಬ್ಬರ ನೆರವು ಬೇಕು. ದಿನವೂ ಹಾಕುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಂಡು, ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟು ನೆಟ್ಟಗೆ ನಿಲ್ಲಲಿ. ಕೋಲನ್ನು ತಲೆಕೆಳಗಾಗಿಸಿ, ಹಿಡಿಯನ್ನು ನೆಲಕ್ಕೆ ಊರಿ, ಮಣಿಕಟ್ಟಿನ ಗೆರೆ ಬರುವಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಕೋಲಿನ ಕೆಳತುದಿಗೆ ತೊಡಿಸುವ ರಬ್ಬರ್ ಬಿರಡೆಯ ತಳದ ದಪ್ಪವನ್ನು ಆ ಅಳತೆಯಿಂದ ಕಳೆಯುವುದನ್ನು ಮರೆಯಬೇಡಿ. ಮೊದಲ ಸಲ ಒಂದು ಸೆಂಟಿಮೀಟರ್ ಉದ್ದವಾಗಿಯೇ ಕತ್ತರಿಸಿ ನಡೆಸಿ ನೋಡಿ. ಕೋಲು ಊರಿ ನಿಂತಾಗ ಮೊಣಕೈ ಸುಮಾರು 15ರಿಂದ 20 ಡಿಗ್ರಿ ಬಾಗಿರಬೇಕು. ಭುಜ ಮೇಲೇಳುತ್ತಿದ್ದರೆ ಕೋಲು ಉದ್ದ, ಬೆನ್ನು ಬಾಗುತ್ತಿದ್ದರೆ ಗಿಡ್ಡ.

ಪ್ರಶ್ನೆ: ನಾಲ್ಕು ಪಾದದ ಕೋಲು ಇನ್ನೂ ಭದ್ರವಲ್ಲವೇ?

ಉತ್ತರ: ನಿಧಾನವಾಗಿ, ಸಮತಟ್ಟಾದ ನೆಲದಲ್ಲಿ ನಡೆಯುವವರಿಗೆ ಭದ್ರ. ನಾಲ್ಕೂ ಪಾದಗಳು ಒಟ್ಟಿಗೆ ನೆಲ ಮುಟ್ಟಿದರೆ ಮಾತ್ರ ಅದರ ಪ್ರಯೋಜನ. ಬೇಗ ನಡೆಯುವವರು ಹಿಂದಿನ ಎರಡು ಪಾದ ಊರಿ ಮುಂದಿನವಕ್ಕೆ ಹೊರಳುತ್ತಾರೆ, ಆಗ ಕೋಲೇ ಓಲಾಡುತ್ತದೆ. ಕಿರಿದಾದ ಮೆಟ್ಟಿಲಿನ ಮೇಲೆ ಅದು ಕೂರುವುದೂ ಕಷ್ಟ.

ಪ್ರಶ್ನೆ: ಒದ್ದೆ ನೆಲದಲ್ಲಿ ಕೋಲು ಜಾರುತ್ತದೆ. ತುದಿಗೆ ಕಬ್ಬಿಣದ ಮೊಳೆ ಹೊಡೆಸಲೇ?

ಉತ್ತರ: ಮೊಳೆ ಮಣ್ಣಿಗೆ ಸರಿ, ನುಣುಪಾದ ಹಾಸುಗಲ್ಲಿನ ಮೇಲೆ ಅದರಷ್ಟು ಅಪಾಯ ಬೇರೊಂದಿಲ್ಲ. ಈಗಿರುವ ರಬ್ಬರ್ ಬಿರಡೆಯನ್ನು ತಿರುಗಿಸಿ ನೋಡಿ. ತಳದ ಉಂಗುರದಂಥ ಗೆರೆಗಳು ಸವೆದು ನುಣ್ಣಗಾಗಿದ್ದರೆ, ಒಂದು ಅಂಚು ಮಾತ್ರ ತೇದಿದ್ದರೆ, ಅಥವಾ ರಬ್ಬರ್ ಗಡುಸಾಗಿ ಬಿರುಕು ಬಿಟ್ಟಿದ್ದರೆ ಹೊಸದನ್ನು ಹಾಕಿ. ಬಿರಡೆಯ ಒಳ ಅಳತೆ ಕೋಲಿನ ತುದಿಯ ದಪ್ಪಕ್ಕೆ ಸರಿಹೊಂದಬೇಕು. ಸಡಿಲವಾಯಿತೆಂದು ಕಾಗದವನ್ನೋ ಬಟ್ಟೆಯನ್ನೋ ತುರುಕಿದ ಬಿರಡೆ ಒದ್ದೆ ನೆಲಕ್ಕೆ ಅಂಟಿಕೊಂಡು, ಕೋಲು ಮಾತ್ರ ಕೈಗೆ ಬಂದೀತು.