ಕಮಿಟ್ ಎಣಿಸಿ ಬಡ್ತಿ ಕೊಡಬಹುದೇ?

ಓಪನ್ ಸೋರ್ಸ್‌ನಲ್ಲಿ (ಯಾರು ಬೇಕಾದರೂ ಕೋಡ್ ನೋಡಿ ತಿದ್ದುಪಡಿ ಸೂಚಿಸಬಹುದಾದ ಸಾಫ್ಟ್‌ವೇರ್ ಯೋಜನೆಗಳಲ್ಲಿ) ಕೆಲಸ ಮಾಡಿದವರೇ ಮೇಲೆ ಬರುತ್ತಾರೆ, ನಮ್ಮ ಟೀಮಿನಲ್ಲೂ ಕಮಿಟ್ ಲೆಕ್ಕ (ಯಾರು ಎಷ್ಟು ಸಲ ಕೋಡ್ ಬದಲಾವಣೆ ದಾಖಲಿಸಿದರು ಎಂಬುದು) ನೋಡಿ ಬಡ್ತಿ ಕೊಟ್ಟರೆ ಹೇಗೆ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಅಲ್ಲಿಂದ ಕಲಿಯಬೇಕಾದದ್ದು ಎಣಿಕೆಯನ್ನಲ್ಲ, ಮುಚ್ಚುಮರೆ ಇಲ್ಲದಿರುವುದನ್ನು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಕಳಿಸಿದ ಪ್ಯಾಚ್ (ಕೋಡ್ ತಿದ್ದುಪಡಿ) ಎಲ್ಲರ ಕಣ್ಣೆದುರೇ ಚರ್ಚೆಯಾಗುತ್ತದೆ. ಯಾರು ಆಕ್ಷೇಪಿಸಿದರು, ಯಾಕೆ ಅನ್ನೋದನ್ನು ವರ್ಷಗಳಾದ ಮೇಲೂ ಓದಬಹುದು. ಪರಿಶೀಲಿಸಿದವರ ಹೆಸರು ಸಹ ‘ರಿವ್ಯೂಡ್-ಬೈ’ ಅನ್ನೋ ಸಾಲಾಗಿ ಕಮಿಟ್‌ನಲ್ಲೇ ಉಳಿಯುತ್ತದೆ. ನಮ್ಮ ಆಫೀಸುಗಳಲ್ಲಿ ಬಡ್ತಿ ತಪ್ಪಿದವರಿಗೆ ಇಂಥ ಒಂದು ಸಾಲಾದರೂ ಸಿಗುತ್ತದೆಯೇ?

ಕಮಿಟ್ ಎಣಿಸತೊಡಗಿದರೆ ಜನ ಒಂದು ಬದಲಾವಣೆಯನ್ನು ಐದು ತುಂಡು ಮಾಡುತ್ತಾರೆ, ಹೊಸಬರ ಕೋಡ್ ತಿದ್ದಿಕೊಡುವವರು ಹಿಂದೆ ಬೀಳುತ್ತಾರೆ. ಆದರೆ ಅಪಾಚೆ ಎಂಬ ಓಪನ್ ಸೋರ್ಸ್ ಸಂಸ್ಥೆಯಲ್ಲಿ ಕೋಡ್ ಬರೆಯದೆ, ದಾಖಲೆ ಬರೆದು, ಬಳಕೆದಾರರಿಗೆ ನೆರವಾಗಿಯೂ ಕಮಿಟರ್ (ಯೋಜನೆಗೆ ನೇರವಾಗಿ ಬದಲಾವಣೆ ಸೇರಿಸುವ ಅಧಿಕಾರವಿರುವ ಸದಸ್ಯ) ಆಗಬಹುದು.

ಓಪನ್ ಸೋರ್ಸ್ ಕೂಡ ಸಮತಟ್ಟಾದ ನೆಲವೇನಲ್ಲ. ಸಂಜೆ ಬಿಡುವಿರುವವರಿಗೆ ಅಲ್ಲಿ ಅವಕಾಶ ಹೆಚ್ಚು, ಮನೆಯಲ್ಲಿ ಮಗುವನ್ನೋ ಹಿರಿಯರನ್ನೋ ನೋಡಿಕೊಳ್ಳುವವರಿಗೆ ಕಡಿಮೆ. ಓಪನ್ ಸೋರ್ಸ್ ಕೋಡ್ ಇಡುವ ತಾಣ ನಡೆಸುವ ಗಿಟ್‌ಹಬ್ ಕಂಪನಿ 2014ರಲ್ಲಿ ‘ಯುನೈಟೆಡ್ ಮೆರಿಟಾಕ್ರಸಿ ಆಫ್ ಗಿಟ್‌ಹಬ್’ (ಮೆರಿಟಾಕ್ರಸಿ ಅಂದರೆ ಅರ್ಹತೆಯ ಆಳ್ವಿಕೆ) ಎಂಬ ಬರಹವಿದ್ದ ಕಾರ್ಪೆಟ್ಟನ್ನು ತನ್ನ ಆಫೀಸಿನಿಂದ ತೆಗೆಸಿದ್ದು, ಅರ್ಹತೆಯ ಮಾತು ಇಂಥ ಅಸಮಾನತೆಯನ್ನು ಮುಚ್ಚಿಡುತ್ತದೆ ಎಂಬ ಟೀಕೆ ಬಂದ ಮೇಲೆ.

ಹಾಗಾಗಿ ಮೊದಲು ಬಡ್ತಿಗೆ ಏನು ಬೇಕೆಂದು ಬರೆದು ಟೀಮಿನ ಮುಂದಿಡಿ. ಕೊಡದಿದ್ದಾಗ ಕಾರಣವನ್ನೂ ಬರಹದಲ್ಲೇ ಕೊಡಿ.