ಹುಬ್ಬಳ್ಳಿಯಿಂದ ಹೇಗ್ ಕೋರ್ಟಿಗೆ ದೂರು ಕಳಿಸಬಹುದಾ?

ಹುಬ್ಬಳ್ಳಿಯಲ್ಲೇ ಕೂತು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ದೂರು ಕೊಡಬಹುದಾ ಅಂತ ಕೇಳೀರಿ. ಕೊಡಬಹುದ್ರೀ, ವಕೀಲರೂ ಬೇಕಿಲ್ಲ. ಈ ಕೋರ್ಟನ್ನ ಹುಟ್ಟುಹಾಕಿದ ಒಪ್ಪಂದವಾದ ರೋಮ್ ಶಾಸನದ 15ನೇ ವಿಧಿಯಡಿ ಯಾರು ಬೇಕಾದರೂ ಪ್ರಾಸಿಕ್ಯೂಟರ್‌ಗೆ ಮಾಹಿತಿ ಕಳಿಸಬಹುದು. ಆದರೆ ಅದು ನಮ್ಮ ಠಾಣೆಯ ಎಫ್‌ಐಆರ್ ಅಲ್ಲ, ತನಿಖೆ ಆಗಲೇಬೇಕು ಅಂತೇನಿಲ್ಲ.

ಹೆಚ್ಚಿನವು ಬಿದ್ದುಹೋಗೋದು ವ್ಯಾಪ್ತಿಯಲ್ಲಿ. ಸಾಮಾನ್ಯವಾಗಿ ಕೃತ್ಯ (ನರಮೇಧ, ಯುದ್ಧಾಪರಾಧದಂಥದ್ದು) ಆ ಶಾಸನ ಒಪ್ಪಿದ ಸದಸ್ಯ ದೇಶದ ನೆಲದಲ್ಲಿ ನಡೆದಿರಬೇಕು, ಇಲ್ಲ ಆರೋಪಿ ಅಂಥ ದೇಶದ ಪ್ರಜೆಯಾಗಿರಬೇಕು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೇ ಪ್ರಕರಣ ಒಪ್ಪಿಸಿದರೆ ಮಾತು ಬೇರೆ. ಭಾರತ ಸದಸ್ಯ ಅಲ್ಲ. ಶಾಸನ ಜಾರಿಗೆ ಬಂದ 2002ರ ಜುಲೈ 1ಕ್ಕಿಂತ ಹಿಂದಿನದೂ ನಡೆಯೋದಿಲ್ಲ.

ಬರೆಯುವಾಗ ದಿನಾಂಕ, ಸ್ಥಳ, ಆದೇಶ ಕೊಟ್ಟವರು ಯಾರು ಅನ್ನೋದನ್ನ ಬಿಡಿಸಿ ಬರೀರಿ. ವಿಡಿಯೊ ಇದ್ದರೆ ಮೂಲ ಫೈಲನ್ನೇ ಕಾಯ್ದಿಡ್ರಿ. ವಾಟ್ಸಾಪಿನಲ್ಲಿ ದಾಟಿ ಬಂದ ಪ್ರತಿಯಲ್ಲಿ ತೆಗೆದ ಹೊತ್ತು, ಜಾಗದ ವಿವರ ಹೋಗಿರುತ್ತದೆ.

ಮತ್ತೆ, ವಾರಂಟ್ ಹೊರಟರೂ ಆ ಕೋರ್ಟಿಗೆ ಸ್ವಂತ ಪೊಲೀಸರಿಲ್ಲ. ಸುಡಾನ್‌ನ ಆಗಿನ ಅಧ್ಯಕ್ಷ ಬಷೀರ್ ಮೇಲೆ 2009ರಲ್ಲೇ ವಾರಂಟ್ ಇತ್ತು. 2015ರಲ್ಲಿ ಸದಸ್ಯ ದೇಶವಾದ ದಕ್ಷಿಣ ಆಫ್ರಿಕಾಕ್ಕೇ ಹೋಗಿ ಆರಾಮ ವಾಪಸ್ ಬಂದ.